ಪತ್ರಾಗಾರಕ್ಕೆ ಏಕೆ ಹೋಗಬೇಕು?

“ಹಳೆಯ ಕಾಗದಗಳೆಲ್ಲ ಕಂಪ್ಯೂಟರಿಗೆ ಏರಿರುವಾಗ ಪತ್ರಾಗಾರದ ಮೆಟ್ಟಿಲು ಹತ್ತುವುದೇಕೆ?” ಎಂದು ನಮ್ಮ ಇತಿಹಾಸ ಸಂಘದ ಸಭೆಯೊಂದರಲ್ಲಿ ಮಿತ್ರರೊಬ್ಬರು ಕೇಳಿದರು. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಬೇಸಗೆಯ ರಜೆಯಲ್ಲಿ ನಾಲ್ಕು ದಿನ ಅಂತಹ ಒಂದು ಪತ್ರಾಗಾರದ ವಾಚನ ಕೊಠಡಿಯಲ್ಲಿ ಕುಳಿತು ಬಂದೆ. ಆ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನ.

ಮಿತ್ರರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಕನ್ನಡನಾಡು 1956ರ ನವೆಂಬರ್ 1ರಂದು ಒಂದಾಯಿತು. ಅದರ ಹಳೆಯ ಕಾಗದಪತ್ರಗಳು ಮಾತ್ರ ಒಂದಾಗಲಿಲ್ಲ. ಧಾರವಾಡ, ಬೆಳಗಾವಿಗಳ ಹಿಂದಿನ ಆಡಳಿತದ ಸಂಗತಿ ತಿಳಿಯಬೇಕಾದರೆ ಮುಂಬಯಿಗೋ ಪುಣೆಗೋ ಹೋಗಬೇಕು. ಮಂಗಳೂರು, ಬಳ್ಳಾರಿಗಳದಕ್ಕೆ ಚೆನ್ನೈನ ಎಗ್ಮೋರಿಗೆ. ರಾಯಚೂರು, ಕಲಬುರಗಿಗಳದಕ್ಕೆ ಹೈದರಾಬಾದಿಗೆ. ಕೆಲವಕ್ಕಂತೂ ಲಂಡನ್ನಿಗೇ ಹೋಗಬೇಕು. ಸರ್ಕಾರಿ ಕಾಲೇಜಿನಲ್ಲಿ ಓದುವ, ಬಸ್ಸಿನ ಪಾಸನ್ನು ನೆಚ್ಚಿಕೊಂಡಿರುವ ನಮ್ಮಂಥವರಿಗೆ ಇವೆಲ್ಲ ಕನಸಿನ ಊರುಗಳೇ ಸರಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವು 2015ರಲ್ಲಿ ‘ಅಭಿಲೇಖ್ ಪಟಲ್’ ಎಂಬ ಅಂತರಜಾಲ ತಾಣವನ್ನು ತೆರೆದು, ಕೋಟಿಗಟ್ಟಲೆ ಪುಟಗಳನ್ನು ಮನೆಯಲ್ಲಿ ಕುಳಿತವರಿಗೂ ಕಾಣುವಂತೆ ಮಾಡಿರುವುದು ಬಡ ವಿದ್ಯಾರ್ಥಿಗೆ ಆದ ದೊಡ್ಡ ಉಪಕಾರ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ.

ಆದರೆ ಕಾಣುವಂತೆ ಮಾಡುವುದು ಬೇರೆ, ಕಂಡುಕೊಳ್ಳುವುದು ಬೇರೆ. ಇದು ನನಗೆ ತಿಳಿದ ಬಗೆಯನ್ನು ಹೇಳುತ್ತೇನೆ.

ನಮ್ಮದು ರಾಮನಗರದ ಸಮೀಪದ ಒಂದು ಹಳ್ಳಿ. ನಮ್ಮ ಅಜ್ಜಿ ಚಿಕ್ಕಂದಿನಲ್ಲಿ ತಮ್ಮ ಅಜ್ಜಿಯಿಂದ ಕೇಳಿದ ಕಥೆಯೊಂದನ್ನು ನಮಗೂ ಹೇಳುತ್ತಿದ್ದರು. ಧಾತು ಈಶ್ವರದ ಬರದಲ್ಲಿ ಆ ಅಜ್ಜಿಯ ತಾಯಿ, ಕಂಕುಳಲ್ಲಿ ಒಂದು ಕೂಸನ್ನೂ ತಲೆಯ ಮೇಲೆ ಮಣ್ಣಿನ ಮಂಕರಿಯನ್ನೂ ಹೊತ್ತು ರೈಲು ದಾರಿಯ ಏರಿ ಕಟ್ಟಿದಳಂತೆ. ಕೂಸು ಉಳಿಯಲಿಲ್ಲವಂತೆ. ಧಾತು ಮತ್ತು ಈಶ್ವರ ಸಂವತ್ಸರಗಳೆಂದರೆ 1876ರಿಂದ 1878ರವರೆಗಿನ ಕಾಲ. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ದಾರಿಯ ಮಣ್ಣು ಕೆಲಸ ಆ ಬರದ ಪರಿಹಾರ ಕಾರ್ಯವಾಗಿಯೇ ಆರಂಭವಾದದ್ದು; 1882ರಲ್ಲಿ ಗಾಡಿ ಮೈಸೂರನ್ನು ಮುಟ್ಟಿತು. ಅಜ್ಜಿಯ ಕಥೆಗೆ ಒಂದು ಕಾಗದದ ಆಧಾರ ಸಿಕ್ಕೀತೆ ಎಂಬುದೇ ನನ್ನ ಆಸೆ. ಪ್ರಾಂಶುಪಾಲರಿಂದ ಪರಿಚಯಪತ್ರ ಪಡೆದು, ಗುರುತಿನ ಚೀಟಿ ಹಿಡಿದು ಹೊರಟೆ.

ಮೂಲ ಕಾಗದಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುವುದರಿಂದ ಅಲ್ಲಿ ಮೊದಲು ತೋರಿಸುವುದು ಅವುಗಳ ಚಿತ್ರಗಳನ್ನೇ. ಕಂಪ್ಯೂಟರಿನ ಮುಂದೆ ಕುಳಿತು ‘ರಾಮನಗರ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಬರಗಾಲದ ಕಾಲದ್ದು ಒಂದೂ ಬರಲಿಲ್ಲ. ‘ರಾಮನಗರಂ’ ಎಂದೆ. ಆಗಲೂ ಇಲ್ಲ. ಮೊದಲನೆಯ ದಿನವೆಲ್ಲ ಹೀಗೆಯೇ ಕಳೆಯಿತು. ಎರಡನೆಯ ದಿನ ಮಧ್ಯಾಹ್ನ, ಬಹು ಕಾಲದಿಂದ ಅಲ್ಲಿರುವ ಸಿಬ್ಬಂದಿಯವರೊಬ್ಬರು ಹಿಂದೆ ಬಂದು ನಿಂತು, “ಯಾವೂರಪ್ಪ ನಿಂದು?” ಎಂದು ಕೇಳಿದರು. ಹೇಳಿದೆ. “ಕ್ಲೋಸ್‌ಪೇಟೆ ಅಂತ ಹಾಕು” ಎಂದು ನಕ್ಕು ಹೋದರು.

ಹಾಕಿದೆ. ಪರದೆ ತುಂಬಿತು!

ಈ ಹೆಸರನ್ನು ನಾನು ಕೇಳಿರಲಿಲ್ಲವೆಂದಲ್ಲ. ನಮ್ಮ ಕಡೆಯ ಕಲ್ಲಿಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಶಿಲೆ ಎಂದೇ ಹೇಳುತ್ತಾರೆ. ಆದರೆ ಕುರ್ಚಿಯಲ್ಲಿ ಕುಳಿತಾಗ ಹೊಳೆಯಬೇಕಲ್ಲ! ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದು. 1799ರ ಅನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನ ಮಾಡಿತು. ನೂರು ವರ್ಷಗಳ ಮೇಲೆ ಹುಡುಕುವ ವಿದ್ಯಾರ್ಥಿಯ ಪಾಡನ್ನು ದೇವರೇ ಬಲ್ಲ. ಪಾಂಡವಪುರದವರು ತಮ್ಮ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಹುಡುಕಬೇಕು. ಚಿತ್ರದುರ್ಗದವರು ‘ಚಿಟಲ್‌ಡ್ರೂಗ್’ ಎಂದು. ಶ್ರೀರಂಗಪಟ್ಟಣದವರು ‘ಸೆರಿಂಗಪಟಂ’ ಎಂದು. ಇವು ದೊಡ್ಡ ಊರುಗಳು, ಹೇಗೋ ಗೊತ್ತಾಗುತ್ತವೆ. ದೊರೆಗಳ ಗುಮಾಸ್ತೆಯೊಬ್ಬ ಕಿವಿಗೆ ಬಿದ್ದಂತೆ ಬರೆದುಕೊಂಡ ಹಳ್ಳಿಗಳ ಗತಿಯೇನು? ಕಾಗದದ ಚಿತ್ರ ತೆಗೆಯುವ ಯಂತ್ರ ಅವನ ಕಿವಿಯನ್ನು ತಿದ್ದಲಾರದು. ಸೂಚಿಯಲ್ಲಿ ಅವನು ಬರೆದದ್ದೇ ಇಂದಿಗೂ ಹೆಸರು. ಆ ಬಾಗಿಲಿನ ಬೀಗದ ಕೈ ಇರುವುದು ಹಳೆಯ ಸಿಬ್ಬಂದಿಯವರ ನೆನಪಿನಲ್ಲಿ. ಅವರು ನಿವೃತ್ತರಾಗುತ್ತಿದ್ದಾರೆ.

ಇನ್ನು ಚಿತ್ರವನ್ನು ಓದುವ ಮಾತು. ನಾನು ನೋಡಿದ ಕೆಲವು ಪುಟಗಳು ಹಿಂದೆ ಮೈಕ್ರೋಫಿಲ್ಮಿಗೆ ಇಳಿಸಿದ್ದವು. ಆದುದರಿಂದ ಎಲ್ಲವೂ ಕಪ್ಪು ಬಿಳುಪು. ಅಂಥದೊಂದು ಪುಟದಲ್ಲಿ ಕೂಲಿಯ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಅದಕ್ಕಿಂತ ಕಡಿಮೆಯ ಅಂಕಿ ಬರೆದಿತ್ತು. ಗುಮಾಸ್ತೆ ತನ್ನ ತಪ್ಪನ್ನು ತಾನೇ ತಿದ್ದಿಕೊಂಡನೆಂದು ಟಿಪ್ಪಣಿ ಮಾಡಿಕೊಂಡೆ. ಮೂರನೆಯ ದಿನ ವಿನಂತಿಯ ಮೇರೆಗೆ ಆ ಒಂದು ಕಟ್ಟಿನ ಮೂಲವನ್ನು ತೋರಿಸಿದರು. ಹೊಡೆದ ಗೆರೆಯೂ ಹೊಸ ಅಂಕಿಯೂ ಕೆಂಪು ಶಾಯಿಯಲ್ಲಿದ್ದವು! ಬರೆದ ಕೈ ಒಂದು, ಇಳಿಸಿದ ಕೈ ಇನ್ನೊಂದು. ಪಕ್ಕದ ಮದರಾಸು ಪ್ರಾಂತದಲ್ಲಿ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೊಂದು ಆಣೆಯ ಮಟ್ಟಕ್ಕೆ ಇಳಿಸಿದ ಕಥೆ ನಮ್ಮ ಪಠ್ಯದಲ್ಲಿದೆ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ದಿನವೆಲ್ಲ ಮಣ್ಣು ಹೊರುವವರಿಗೆ ಅಷ್ಟು. ಇಂತಹ ಕಾಲದಲ್ಲಿ ಒಂದು ಅಂಕಿಯನ್ನು ಇಳಿಸಿದ ಕೈ ಯಾರದೆಂಬುದು ಸಣ್ಣ ಪ್ರಶ್ನೆಯೆ? ಪರದೆಯನ್ನಷ್ಟೆ ನೋಡಿ ಬಂದಿದ್ದರೆ ನಾನು ಗುಮಾಸ್ತೆಯ ಕೈತಪ್ಪೆಂದೇ ಬರೆದು, ಅಂಕಗಳನ್ನೂ ಗಿಟ್ಟಿಸುತ್ತಿದ್ದೆ.

‘ಕಡತ’ವೆಂಬ ಮಾತನ್ನು ನಾವು ಕಚೇರಿಯ ಫೈಲಿಗೆ ಬಳಸುತ್ತೇವಷ್ಟೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಅದನ್ನು ಅಳಿಸಿ ಮತ್ತೆ ಬರೆಯಲೂಬಹುದು. ಅಂಥದರ ಫೋಟೋ ಎಷ್ಟು ಚೆನ್ನಾಗಿದ್ದರೂ, ಅಳಿಸಿದ ಜಾಗ ಯಾವುದು, ಮಡಿಕೆ ಸವೆದ ಜಾಗ ಯಾವುದು ಎಂಬುದನ್ನು ವಾರೆ ಬೆಳಕಿನಲ್ಲಿ ಹಿಡಿದು ನೋಡಿಯೇ ತಿಳಿಯಬೇಕು. ಇದು ಪ್ರಾಸಂಗಿಕವಾಗಿ ಬಂದ ಮಾತು, ಇರಲಿ.

ನಾಲ್ಕನೆಯ ದಿನ ರೈಲು ದಾರಿಯ ಕೆಲಸದವರ ಲೆಕ್ಕದ ಪಟ್ಟಿಯೊಂದು ಸಿಕ್ಕಿತು. ಗಂಡಸರು ಇಷ್ಟು, ಹೆಂಗಸರು ಇಷ್ಟು, ಮಕ್ಕಳು ಇಷ್ಟು. ಹೆಸರುಗಳಿಲ್ಲ. ಆ ನಡುವಣ ಅಂಕಿಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಅದರೊಳಗೆ ನಮ್ಮವಳೂ ಒಬ್ಬಳಿರಬಹುದು, ಇಲ್ಲದೆಯೂ ಇರಬಹುದು. ಊರಿಗೆ ಹೋಗಿ ಅಜ್ಜಿಗೆ ಹೇಳಿದೆ. “ಹೆಸ್ರು ಬರೀಲೇ ಇಲ್ವಾ? ಹೆಂಗಸ್ರು ಅಂತ ಅಷ್ಟೇನಾ?” ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಸು ಸತ್ತಿದ್ದಾದ್ರೂ ಬರ್ದವ್ರೇನಪ್ಪ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮೊರ ತೆಗೆದುಕೊಂಡು ಒಳಗೆ ಹೋದರು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಚಿತ್ರ ತೆಗೆಯುವ ಕೆಲಸ ನಡೆಯಲಿ. ಇನ್ನೂ ವೇಗವಾಗಿ ನಡೆಯಲಿ. ಆದರೆ ಕನ್ನಡದ ಹೆಸರುಗಳಿರುವ ಸೂಚಿಯಿಲ್ಲದೆ ಕೋಟಿ ಪುಟಗಳನ್ನು ಏರಿಸಿದರೂ ಹಳ್ಳಿಯ ವಿದ್ಯಾರ್ಥಿಗೆ ಅದು ಮುಚ್ಚಿದ ಬಾಗಿಲೇ. ಆ ಸೂಚಿಯನ್ನು ಇಲಾಖೆಗಳೇ ಮಾಡಲೆಂದು ಕಾಯುತ್ತ ಕೂರುವುದು ನನಗೆ ಸರಿತೋರುವುದಿಲ್ಲ; ಊರಿನ ಹಳೆಯ ಹೆಸರು ಊರಿನವರಿಗಲ್ಲದೆ ಇನ್ನಾರಿಗೆ ಗೊತ್ತು? ನಮ್ಮ ಕಾಲೇಜಿಗೆ ಎಷ್ಟು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆಂಬುದನ್ನು ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದರೆ ಸಾಕು. ಪ್ರತಿಯೊಬ್ಬರೂ ತಮ್ಮ ಹಿರಿಯರನ್ನು ಕೇಳಿ ನಾಲ್ಕು ಹೆಸರು ತಂದರೆ ಒಂದು ವರ್ಷದಲ್ಲಿ ಪಟ್ಟಿ ಸಿದ್ಧ.

ಎರಡನೆಯದು, ಅಧ್ಯಾಪಕವರ್ಗದವರ ಕ್ಷಮೆ ಕೋರಿ ಹೇಳುವ ಮಾತು. ಪ್ರತಿ ವರ್ಷ ಪ್ರವಾಸವೆಂದು ಊಟಿಗೆ ಹೋಗಿಬರುತ್ತೇವೆ. ಒಂದು ವರ್ಷ ಇತಿಹಾಸದ ವಿದ್ಯಾರ್ಥಿಗಳನ್ನಾದರೂ ಪತ್ರಾಗಾರಕ್ಕೆ ಕರೆದುಕೊಂಡು ಹೋಗಬಾರದೇಕೆ? ಅಲ್ಲಿ ತಿಂಡಿ ಚೆನ್ನಾಗಿಲ್ಲ, ಫ್ಯಾನು ಗಾಳಿಗಿಂತ ಸದ್ದು ಹೆಚ್ಚು ಮಾಡುತ್ತದೆ, ಪೆನ್ನು ಬಳಸಗೊಡುವುದಿಲ್ಲ. ಆದರೂ ಹಳೆಯ ಕೈಬರಹದ ಒಂದು ಪುಟವನ್ನು ಗುರುಗಳೊಡನೆ ಕುಳಿತು ಬಿಡಿಸಿ ಓದಿದ ಒಂದು ದಿನವು ತರಗತಿಯ ಹತ್ತು ಟಿಪ್ಪಣಿಗಳಿಗೆ ಸಮವಾದೀತು.

ಪಟ್ಟಿಯನ್ನು ನಾನು ಆರಂಭಿಸಿದ್ದೇನೆ. ಒಂದು ಉದ್ದದ ನೋಟ್‌ಪುಸ್ತಕದಲ್ಲಿ ಮೂರು ಕಾಲಮ್ಮುಗಳು: ಊರಿನ ಈಗಿನ ಹೆಸರು, ಹಿರಿಯರು ಆಡುವ ಹೆಸರು, ರೈಸರ 1897ರ ಗ್ಯಾಜೆಟಿಯರಿನಲ್ಲಿ ಕಂಡುಬರುವ ಹೆಸರು. ಮೊದಲಿಗೆ ರಾಮನಗರ, ಅದರ ಕೆಳಗೆ ನಮ್ಮ ಸುತ್ತಿನ ಹಳ್ಳಿಗಳು. ಪುಸ್ತಕ ಇತಿಹಾಸ ವಿಭಾಗದ ಗಾಜಿನ ಬೀರುವಿನಲ್ಲಿದೆ, ದಾರದಲ್ಲಿ ಒಂದು ಪೆನ್ಸಿಲನ್ನೂ ಕಟ್ಟಿದ್ದೇನೆ.