ಆಷಾಢದಲ್ಲಿ ಮನೆ ನೋಡಿ

ನಮ್ಮ ಕಡೆ ಮನೆ ಮಾರುವವರು ಮನೆಯನ್ನು ತೋರಿಸುವ ಕಾಲ ಯಾವುದೆಂಬುದನ್ನು ಓದುಗ ಮಿತ್ರರು ಎಂದಾದರೂ ಗಮನಿಸಿದ್ದೀರಾ? ಸಂಕ್ರಾಂತಿ ಕಳೆದ ಮೇಲೆ ಸುಣ್ಣಬಣ್ಣ, ಯುಗಾದಿಯ ಹೊತ್ತಿಗೆ ಮಾತುಕತೆ, ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ನೋಂದಣಿ, ಮುಂಗಾರು ಹಿಡಿಯುವ ಮೊದಲೇ ಗೃಹಪ್ರವೇಶ. ಗೋಡೆಗಳು ಕಾದು ಒಣಗಿರುವ ನಾಲ್ಕು ತಿಂಗಳಲ್ಲಿ ವ್ಯವಹಾರವೆಲ್ಲ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಆ ಮನೆ ಹೇಗಿರುತ್ತದೆಂಬುದು ತಿಳಿಯುವಷ್ಟರಲ್ಲಿ ಮಾರಿದವರು ಹಣ ಎಣಿಸಿಕೊಂಡಾಗಿರುತ್ತದೆ. ಆಷಾಢದಲ್ಲಿ ಶುಭಕಾರ್ಯ ಕೂಡದೆಂಬ ನಮ್ಮ ನಂಬಿಕೆ ಮಾರುವವರಿಗೆ ಮಾಡಿಕೊಟ್ಟಿರುವ ಉಪಕಾರ ಸಣ್ಣದಲ್ಲ. ಗೃಹಪ್ರವೇಶಕ್ಕೆ ಆಷಾಢ ಬೇಡವೆಂದರೆ ನನ್ನ ತಕರಾರಿಲ್ಲ. ಆದರೆ ಮನೆಯನ್ನು ನೋಡುವುದಕ್ಕೆ ಆಷಾಢಕ್ಕಿಂತ ಪ್ರಶಸ್ತವಾದ ಮಾಸ ಇನ್ನೊಂದಿಲ್ಲ. ಒಂದು ಮಳೆಗಾಲ ಕಾಣದೆ ಮನೆ ಕೊಳ್ಳುವ ಈ ಪದ್ಧತಿಯನ್ನು ನಾವು ನಿಲ್ಲಿಸಲೇಬೇಕು.

ನಮ್ಮ ಗಾಜನೂರಿನ ಸುತ್ತ ಈ ಮಾತಿಗೆ ಹೆಚ್ಚಿನ ತೂಕವಿದೆ. (ಇದು ಡಾ. ರಾಜಕುಮಾರ್ ಅವರ ಗಾಜನೂರಲ್ಲ. ಅದು ತಾಳವಾಡಿಯ ಕಡೆಯದು. ಇದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ, ತುಂಗೆಯ ಅಣೆಕಟ್ಟಿನ ಗಾಜನೂರು.) ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಆರಿದ್ರಾ, ಪುನರ್ವಸು ಮಳೆಗಳು ಜಡಿಯತೊಡಗಿದರೆ ಇಲ್ಲಿ ನೀರು 588.24 ಮೀಟರಿನ ಪೂರ್ಣ ಮಟ್ಟವನ್ನು ಮುಟ್ಟುವುದಕ್ಕೆ ಹೆಚ್ಚು ದಿನ ಬೇಡ. ಜಲಾಶಯ ಚಿಕ್ಕದು. ಬಹುಪಾಲು ವರ್ಷಗಳಲ್ಲಿ ಆಷಾಢ ಮುಗಿಯುವುದರೊಳಗೆ ಗೇಟುಗಳನ್ನು ಎತ್ತಿಯಾಗಿರುತ್ತದೆ. ಕಾಲುವೆಗಳಿಗೆ ನೀರು ಹರಿಯುತ್ತದೆ, ಗದ್ದೆಗಳು ತುಂಬುತ್ತವೆ, ಅಂಗಳದ ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಬಾವಿಯಲ್ಲಿ ಮೇಲೆ ಬಂದ ನೀರು ಮನೆಯ ಪಾಯದ ಕೆಳಗೆ ಮಾತ್ರ ಬಾರದೆ ಇರುತ್ತದೆಯೆ? ಗದ್ದೆಗೆ ಮಣ್ಣು ತುಂಬಿಸಿ, ಕಲ್ಲು ನೆಟ್ಟು, ಬಡಾವಣೆಯೆಂದು ಹೆಸರಿಟ್ಟ ಮಾತ್ರಕ್ಕೆ ಅದು ಗದ್ದೆಯಾಗಿದ್ದುದನ್ನು ನೀರು ಮರೆಯುವುದಿಲ್ಲ.

ತೇವದ ಮಾತೆತ್ತಿದ ಕೂಡಲೇ ಮಧ್ಯವರ್ತಿಗಳ ಬಾಯಿಂದ ಸಿದ್ಧವಾಗಿ ಬರುವ ಉತ್ತರವೊಂದಿದೆ: "ಮಲೆನಾಡಲ್ಲವೆ ಸಾರ್, ಇದೆಲ್ಲ ಇದ್ದದ್ದೇ." ಈ ಮಾತಿನಷ್ಟು ನನ್ನನ್ನು ಕೆರಳಿಸುವ ಮಾತು ಬೇರೊಂದಿಲ್ಲ. ತೀರ್ಥಹಳ್ಳಿಯ ಮಳೆ ಶಿವಮೊಗ್ಗ ನಗರದ ಮಳೆಗಿಂತ ಎಷ್ಟೋ ಹೆಚ್ಚು. ಆದರೂ ಆ ಕಡೆಯ ಹಳೆಯ ಮನೆಗಳನ್ನು ಹೋಗಿ ನೋಡಿ. ಕುಪ್ಪಳಿಯ ಕವಿಮನೆಗೆ ಹೋದವರು ಚಿತ್ರ ತೆಗೆದುಕೊಂಡು ಬಂದುಬಿಡುತ್ತಾರೆ. ಆ ಮಾಡು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿಕೊಂಡಿದೆಯೆಂದು ನೋಡುವವರು ಎಷ್ಟು ಜನ? ಹಿಂದಿನವರು ನೆಲಗಟ್ಟನ್ನು ಎತ್ತರಿಸುತ್ತಿದ್ದರು, ಇಳಿಜಾರು ಮಾಡಿನ ನೀರು ಗೋಡೆಗೆ ತಾಗದಂತೆ ದೂರ ಬೀಳುವ ಹಾಗೆ ಸೂರಂಚನ್ನು ಇಳಿಬಿಡುತ್ತಿದ್ದರು, ಮುಂಗಾರಿಗೆ ಮೊದಲು ಪಡುವಣ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚಿನ ಮಾಡೂ ಇದೇ ವಿವೇಕವನ್ನು ಮುಂದುವರಿಸಿತು. ಈಗ ನಾವು ಕಟ್ಟುತ್ತಿರುವುದೇನು? ಬೆಂಕಿಪೊಟ್ಟಣದಂಥ ಚೌಕ, ಮೇಲೆ ಮಟ್ಟಸವಾದ ತಾರಸಿ, ಕಿಟಕಿಗೆ ಒಂದು ಗೇಣಿನ ಸಜ್ಜಾ, ಅಂದಕ್ಕೆಂದು ಅದೂ ಇಲ್ಲದ ಗೋಡೆ. ಬೆಂಗಳೂರಿನ ನಕ್ಷೆಯನ್ನು ತಂದು ತುಂಗೆಯ ದಡದಲ್ಲಿ ನಿಲ್ಲಿಸಿ, ಗೋಡೆ ತೊಯ್ದರೆ ಮಲೆನಾಡನ್ನು ದೂರುವುದು ಯಾವ ನ್ಯಾಯ!

ನೀರು ಗೋಡೆಯನ್ನು ಹೇಗೆ ಹತ್ತುತ್ತದೆಂಬುದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ತೋರಿಸುತ್ತಿದ್ದೆ. ಸೀಮೆಸುಣ್ಣದ ತುಂಡೊಂದನ್ನು ಮಸಿಯಲ್ಲಿ ನಿಲ್ಲಿಸಿದರೆ ಸಾಕು, ಮಸಿ ತಾನೇ ಮೇಲೇರುತ್ತದೆ. ಕೇಶಾಕರ್ಷಣವೆಂದು ಮಕ್ಕಳು ಬರೆದು ಅಂಕ ಪಡೆಯುತ್ತಿದ್ದರು. ಇಟ್ಟಿಗೆಯೂ ಗಾರೆಯೂ ಸೀಮೆಸುಣ್ಣದ ಬಂಧುಗಳೇ. ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟಿನ ಪದರವನ್ನು ಸರಿಯಾಗಿ ಹಾಕದಿದ್ದರೆ, ಅಥವಾ ಹಾಕಿದ ಮೇಲೆ ಅಂಗಳಕ್ಕೆ ಮಣ್ಣು ತುಂಬಿಸಿ ಆ ಪದರವನ್ನೇ ಹೂತುಬಿಟ್ಟರೆ, ನೆಲದ ನೀರು ಗೋಡೆಯಲ್ಲಿ ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ಏರುತ್ತದೆ. ಏರುವ ನೀರು ಮಣ್ಣಿನ, ಇಟ್ಟಿಗೆಯ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆರುತ್ತದೆ, ಉಪ್ಪು ಗಾರೆಯಲ್ಲಿ ಉಳಿಯುತ್ತದೆ. ಆ ಉಪ್ಪು ಮತ್ತೆ ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದಲೇ ಇಂಥ ಗೋಡೆಗೆ ಮೇಲೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಒಳಗಿನಿಂದ ಎಣ್ಣೆಬಣ್ಣವನ್ನೋ ನೀರು ತಡೆಯುವ ಲೇಪವನ್ನೋ ಬಳಿದರೆ ತೇವ ಹೊರಹೋಗುವ ದಾರಿ ಕಟ್ಟಿ ಇನ್ನಷ್ಟು ಮೇಲಕ್ಕೆ ಹೋಗುತ್ತದೆ.

ನನ್ನಲ್ಲಿ ಓದಿದ ಹುಡುಗನೊಬ್ಬ ಈಗ ಒಳ್ಳೆಯ ಮೇಸ್ತ್ರಿ. ಮಾರುವ ಮನೆಗೆ ತನ್ನಿಂದ ಯಾವ ಯಾವ ಕೆಲಸ ಮಾಡಿಸುತ್ತಾರೆಂದು ಅವನು ನಗುತ್ತಾ ಹೇಳಿದ. ಉಪ್ಪು ಕಾರಿದ ಗಾರೆಯನ್ನು ಕೆರೆದು, ಪುಟ್ಟಿ ಮೆತ್ತಿ, ತಿಳಿ ಬಣ್ಣ ಹೊಡೆದರೆ ನಾಲ್ಕೈದು ತಿಂಗಳು ತೊಂದರೆಯಿಲ್ಲವಂತೆ. ಇನ್ನೂ ಧಾರಾಳಿಗಳಾದರೆ ನಡುಮನೆಯ ಗೋಡೆಗೇ ಮೂರಡಿ ಎತ್ತರ ಟೈಲ್ಸ್ ಅಂಟಿಸುತ್ತಾರಂತೆ. ಬಚ್ಚಲಿಗೆ ಟೈಲ್ಸ್ ಬೇಕು, ಸರಿ. ನಡುಮನೆಯಲ್ಲಿ ಯಾರು ಸ್ನಾನ ಮಾಡುತ್ತಾರೆ? "ಸಾರ್, ತಗೊಳ್ಳೋರು ಎಷ್ಟು ಚೆಂದ ಅಂತ ಕೈಯಾಡಿಸ್ತಾರೆ" ಎಂದು ಅವನು ಹೇಳಿದಾಗ ನನಗೆ ನಗು ಬರಲಿಲ್ಲ. ಆ ಕೈಯಾಡಿಸುವವರಲ್ಲಿ ಹೆಚ್ಚಿನವರು ಭವಿಷ್ಯನಿಧಿಯನ್ನೆಲ್ಲ ಬರಿದುಮಾಡಿ, ಇಪ್ಪತ್ತು ವರ್ಷದ ಸಾಲ ಹೊತ್ತು ಬಂದ ಗುಮಾಸ್ತರು, ಶಿಕ್ಷಕರು, ದಾದಿಯರು.

ಇವರು ಪರೀಕ್ಷೆಯನ್ನೇ ಮಾಡುವುದಿಲ್ಲವೆಂದಲ್ಲ. ಋಣಭಾರ ಪತ್ರ ತೆಗೆಸುತ್ತಾರೆ, ವಕೀಲರಿಗೆ ತೋರಿಸುತ್ತಾರೆ. ವಾಸ್ತುವಿನವರು ಬಂದು ಈಶಾನ್ಯದ ಸಂಪನ್ನೂ ಆಗ್ನೇಯದ ಒಲೆಯನ್ನೂ ಅಳೆಯುತ್ತಾರೆ. ಬ್ಯಾಂಕಿನ ಮೌಲ್ಯಮಾಪಕರು ಚದರಡಿ ಲೆಕ್ಕ ಹಾಕುತ್ತಾರೆ. ಇಷ್ಟು ಜನ ಬಂದು ಹೋದರೂ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡುವವರು ಒಬ್ಬರೂ ಇಲ್ಲ! ಮುಚ್ಚಿಟ್ಟ ಗೋಡೆಯ ಕಪಾಟಿನೊಳಗೆ ಬೂಷ್ಟಿನ ವಾಸನೆಯಿದ್ದರೆ ಅದನ್ನು ಯಾವ ಬಣ್ಣವೂ ಮರೆಮಾಡಲಾರದು. ಬಚ್ಚಲಿನ ಬಾಗಿಲ ಚೌಕಟ್ಟಿನ ಬುಡವನ್ನು ಉಗುರಿನಿಂದ ಒತ್ತಿದರೆ ಮರ ಮೆತ್ತಗಾಗಿದೆಯೆ? ಸ್ವಿಚ್ಚಿನ ಫಲಕದ ಸ್ಕ್ರೂಗಳು ತುಕ್ಕು ಹಿಡಿದಿವೆಯೆ? ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣವೇಕೆ? ಬೀರುವನ್ನು ಗೋಡೆಯಿಂದ ಸರಿಸಿ ನೋಡಲು ಮನೆಯವರು ಬಿಡುತ್ತಾರೆಯೆ? ತಾರಸಿ ಹತ್ತಿದರೆ ನೀರು ನಿಂತ ಕಲೆ ಎಲ್ಲಿದೆಯೆಂಬುದು ಬೇಸಿಗೆಯಲ್ಲೂ ಒಣಗಿದ ಪಾಚಿಯ ಕಪ್ಪು ವೃತ್ತಗಳಿಂದ ತಿಳಿಯುತ್ತದೆ. ನೈಋತ್ಯ ಮುಂಗಾರಿನ ಇರಚಲು ಹೊಡೆಯುವುದು ಪಶ್ಚಿಮ, ದಕ್ಷಿಣದ ಗೋಡೆಗಳಿಗೆ. ಅವುಗಳ ಹೊರಮೈಯ ಬಿರುಕುಗಳನ್ನೂ ಒಳಮೈಯ ಕಲೆಗಳನ್ನೂ ಹೊಂದಿಸಿ ನೋಡಬೇಕು.

ಇನ್ನೊಂದು ಸುಲಭ ಪ್ರಯೋಗವಿದೆ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಅನುಮಾನ ಬಂದ ನೆಲಕ್ಕೋ ಗೋಡೆಗೋ ನಾಲ್ಕೂ ಅಂಚು ಬಿಗಿಯಾಗುವಂತೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಗಡೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆಯೆಂದರ್ಥ, ಹೊರಮೈಯಲ್ಲಿ ಕಟ್ಟಿದರೆ ಅದು ಗಾಳಿಯ ತೇವ. ಗಾಳಿಯ ತೇವಕ್ಕೆ ಕಿಟಕಿ ತೆರೆದರೆ ಬಹುಮಟ್ಟಿಗೆ ಪರಿಹಾರವುಂಟು. ಗೋಡೆಯ ತೇವಕ್ಕೆ ಗೋಡೆಯನ್ನೇ ಬಿಚ್ಚಬೇಕಾದೀತು. ಆದರೆ ಚೈತ್ರದ ಬಿಸಿಲಿನಲ್ಲಿ ಮಾಡಿದರೆ ಈ ಪ್ರಯೋಗವೂ ಸುಳ್ಳು ಹೇಳೀತು. ಆಷಾಢವೇ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಊರಿನವರನ್ನು ಕೇಳುವುದೂ ಒಂದು ಪರೀಕ್ಷೆಯೇ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಯಾವ ಮನೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದು ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದು ಸೇತುವೆಗೆ ನೋಡಲು ಹೋಗುವ ನಮ್ಮ ಜನ, ಮನೆ ಕೊಳ್ಳುವಾಗ ಮಾತ್ರ ಆ ನದಿಯನ್ನೇ ಮರೆಯುತ್ತಾರೆ. ಸ್ಥಳನಾಮಗಳನ್ನಾದರೂ ಕಿವಿಗೊಟ್ಟು ಕೇಳಬಾರದೆ? ಹೆಸರಿನಲ್ಲಿ ಗುಂಡಿ, ಕೆರೆ, ಹಳ್ಳಗಳಿದ್ದರೆ ಹಿರಿಯರು ಸುಮ್ಮನೆ ಇಟ್ಟಿರುವುದಿಲ್ಲ.

ತೇವವೆಂದರೆ ಗೋಡೆಯ ಅಂದಗೇಡಷ್ಟೇ ಎಂದು ತಿಳಿದವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗೆಗೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರತಂದು, ಅವಕ್ಕೂ ಉಬ್ಬಸ, ಕೆಮ್ಮುಗಳಿಗೂ ಇರುವ ಸಂಬಂಧವನ್ನು ವಿವರಿಸಿದೆ. ಮಳೆಗಾಲವೆಲ್ಲ ಕೆಮ್ಮುವ ಮಗುವಿಗೆ ಔಷಧಿ ಬದಲಿಸುತ್ತಾ ಹೋಗುವ ತಂದೆತಾಯಿ ಹಾಸಿಗೆಯ ಪಕ್ಕದ ಗೋಡೆಯನ್ನೂ ಒಮ್ಮೆ ನೋಡಲಿ.

ಮಾರುವವರ ಪಕ್ಷವನ್ನೂ ಹೇಳಬೇಕು. ಅವರಲ್ಲಿ ಎಲ್ಲರೂ ಮೋಸಗಾರರಲ್ಲ. ಮಗಳ ಮದುವೆಗೋ ಚಿಕಿತ್ಸೆಗೋ ಮನೆ ಮಾರುವವರು, ತೇವವಿದೆಯೆಂದರೆ ಬೆಲೆ ಬಿದ್ದುಹೋಗುತ್ತದೆಂದು ಹೆದರುತ್ತಾರೆ. ತೇವದ ಮನೆಯನ್ನು ಯಾರೂ ಕೊಳ್ಳಬಾರದೆಂದು ನಾನೂ ಹೇಳುತ್ತಿಲ್ಲ. ರಿಪೇರಿಯ ಖರ್ಚನ್ನು ಇಬ್ಬರೂ ಎದುರುಬದುರು ಕುಳಿತು ಲೆಕ್ಕ ಹಾಕಿ, ಬೆಲೆಯಲ್ಲಿ ಕಳೆದು ಕೊಡಲಿ. ಬಣ್ಣ ಬಳಿದು ಆ ಖರ್ಚನ್ನು ಗುಟ್ಟಾಗಿ ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಕಷ್ಟಕಾಲ ಸಮರ್ಥನೆಯಾಗದು.

ಕಾನೂನು ಇದೆಯಲ್ಲ ಎನ್ನುವವರುಂಟು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ ನಿರ್ಮಾಣದಾರರೇ ಸರಿಪಡಿಸಿಕೊಡಬೇಕು. ಸಂತೋಷ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ನೋಂದಣಿಯೇ ಬೇಕಿಲ್ಲ. ಮೂವತ್ತು ನಲವತ್ತರ ನಿವೇಶನದಲ್ಲಿ ಒಂದೊಂದೇ ಮನೆ ಕಟ್ಟಿ ಮಾರುವ ನಮ್ಮೂರಿನ ವ್ಯಾಪಾರ ಅದರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹಳೆಯ ಮನೆಯನ್ನು ಅದರ ಒಡೆಯರಿಂದ ಕೊಳ್ಳುವವರಿಗಂತೂ ಅದು ಉಪಯೋಗಕ್ಕೆ ಬಾರದು.

ಅವರಿಗೆ ಒದಗುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮು. ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು, ತಿಳಿಸದಿರುವುದು ವಂಚನೆ ಎಂದು ಅದು ಹೇಳುತ್ತದೆ. ಕರಾರಿನಲ್ಲಿ ಬೇರೆ ಷರತ್ತು ಬರೆದು ಈ ಹೊಣೆಯನ್ನು ಜಾರಿಸಿಕೊಳ್ಳುವುದಕ್ಕೂ ಆಸ್ಪದವಿರುವುದರಿಂದ ಕರಾರುಪತ್ರವನ್ನು ಓದದೆ ಸಹಿ ಹಾಕಬಾರದು. "ಸಾಮಾನ್ಯ ಎಚ್ಚರಿಕೆ" ಎಂಬ ಮಾತು ಕೊಳ್ಳುವವರಿಗೆ ಉರುಳಾಗಬಲ್ಲದು. ಕಣ್ಣಿಗೆ ಕಾಣುತ್ತಿತ್ತಲ್ಲ, ನೀವೇಕೆ ನೋಡಲಿಲ್ಲವೆಂದು ಎದುರು ವಕೀಲರು ಕೇಳದೆ ಬಿಡುವುದಿಲ್ಲ. ಅದೇ ಕಲಮಿನಲ್ಲಿ, ಆಸ್ತಿಯ ಬಗ್ಗೆ ಕೊಳ್ಳುವವನು ಕೇಳಿದ ಸುಸಂಬದ್ಧ ಪ್ರಶ್ನೆಗಳಿಗೆಲ್ಲ ಮಾರುವವನು ತನಗೆ ತಿಳಿದ ಮಟ್ಟಿಗೆ ಉತ್ತರಿಸಬೇಕೆಂಬ ಇನ್ನೊಂದು ಮಾತೂ ಇದೆ. ನಮ್ಮವರು ಬಳಸದೆ ಬಿಟ್ಟಿರುವ ಅಸ್ತ್ರವಿದು. ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಬರೆದು ಕೇಳಿ: ಕಳೆದ ಮೂರು ಮಳೆಗಾಲಗಳಲ್ಲಿ ಯಾವ ಗೋಡೆ ತೊಯ್ದಿತ್ತು, ಯಾವ ಕೋಣೆಯ ತಾರಸಿ ಸೋರಿತ್ತು, ಎಲ್ಲಿ ಗಾರೆ ಕಿತ್ತು ಹೊಸದಾಗಿ ಮೆತ್ತಿಸಿದ್ದೀರಿ, ಮನೆಯೊಳಗೆ ಪ್ರವಾಹದ ನೀರು ಬಂದಿತ್ತೆ? ಉತ್ತರವನ್ನು ಅವರ ಸಹಿಯೊಡನೆ ಪಡೆದು ಕ್ರಯದ ಕರಾರುಪತ್ರಕ್ಕೆ ಲಗತ್ತಿಸಿ. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ಪುನರ್ವಸು ಮಳೆ ಹಿಡಿದ ಮೇಲೆ ಬರುತ್ತೇವೆಂದು ಹೇಳಿ, ಕೊಡೆ ಹಿಡಿದು ಹೋಗಿ ಬನ್ನಿ.