ಎರಡು ಪ್ರೋಟಾನು, ಒಂದೇ ಬಣ್ಣ

ಮೊನ್ನೆ ಸಿರಿಗೇರಿಗೆ ಹೋದಾಗ ಪಿಯುಸಿ ಓದೋ ಅಕ್ಕನ ಮಗಳು ಲ್ಯಾಬ್ ರೆಕಾರ್ಡ್ ಹಿಡಕೊಂಡು ಬಂದಳು. "ಮಾಮ, ಆಕ್ಸಾಲಿಕ್ ಆಮ್ಲ ಎರಡು ಪ್ರೋಟಾನ್ ಕೊಡ್ತದಂತ. ಮತ್ತೆ ಬಣ್ಣ ಯಾಕ ಒಂದೇ ಸಲ ಬದಲಾಗ್ತದ?" ಕಾಲೇಜಲ್ಲಿ ಕೇಳಿದ್ದಕ್ಕೆ "ಎರಡರಿಂದ ಗುಣಿಸು, ಸಾಕು" ಅಂದರಂತೆ!

ಉತ್ತರ ಕಷ್ಟದ್ದೇನಲ್ಲ. ಆಕ್ಸಾಲಿಕ್ ಆಮ್ಲದ ಎರಡು ಪಿಕೆಎ ಸುಮಾರು 1.25 ಮತ್ತು 4.27. ಮೊದಲನೆಯದು ಪೂರ್ತಿ ಮುಗಿಯೋ ಮುಂಚೆಯೇ ಎರಡನೆಯದು ಹೊರಟಿರುತ್ತೆ. ಫಿನಾಫ್ತಲೀನ್ ಬಣ್ಣ ತಿರುಗೋದು ಪಿಎಚ್ 8 ದಾಟಿದ ಮೇಲೆ. ಅಷ್ಟೊತ್ತಿಗೆ ಎರಡೂ ಖಾಲಿ.

ಎರಡು ಮೆಟ್ಟಿಲು ಬೇರೆ ಬೇರೆ ಕಾಣಬೇಕಂದ್ರೆ ಕಾರ್ಬೊನಿಕ್ ಆಮ್ಲದ ಕಡೆ ನೋಡಬೇಕು. ಅದರ ಪಿಕೆಎ ಸುಮಾರು 6.35 ಮತ್ತು 10.33. ವಾಷಿಂಗ್ ಸೋಡಾ ದ್ರಾವಣಕ್ಕೆ ಫಿನಾಫ್ತಲೀನ್ ಹಾಕಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾ ಬನ್ನಿ. ಪಿಎಚ್ 8.3ರ ಹತ್ತಿರ ಗುಲಾಬಿ ಹೋಗುತ್ತೆ: ಕಾರ್ಬೊನೇಟ್ ಈಗ ಬೈಕಾರ್ಬೊನೇಟ್. ಆಮೇಲೆ ಮೀಥೈಲ್ ಆರೆಂಜ್ ಹಾಕಿ, 4ರ ಸುಮಾರಿಗೆ ಹಳದಿ ಹೋಗಿ ಕೆಂಪಿಗೆ ತಿರುಗುತ್ತೆ. ಮೊದಲು 10 ಎಂಎಲ್ ಹಿಡಿದಿದ್ರೆ ಆಮೇಲೂ 10 ಎಂಎಲ್. ಕಣ್ಣಾರೆ ಲೆಕ್ಕ!

ಇದನ್ನೇ ನಮ್ಮ ಬೋರ್ ನೀರಿಗೆ ಮಾಡಿಸಬೇಕು ಅನ್ನೋದು ನನ್ನ ವಾದ. ಸಿರುಗುಪ್ಪ ಸೀಮೆ ಎರೆಭೂಮಿ, ಭತ್ತದ ನಾಡು. ಕಾಲುವೆ ನೀರು ಸಾಲದ ಕಡೆ ಬೋರೇ ಗತಿ. ಆ ನೀರಿಗೆ ಫಿನಾಫ್ತಲೀನ್ ಹಾಕಿದಾಗ ಗುಲಾಬಿ ಬರಲಿಲ್ಲ ಅಂತ ಖುಷಿಪಟ್ಟರೆ ಮೋಸ. ಕಾರ್ಬೊನೇಟ್ ಇಲ್ಲ ಅಂತಷ್ಟೇ ಅರ್ಥ, ಬೈಕಾರ್ಬೊನೇಟ್ ತುಂಬಿರಬಹುದು. ಅದು ಎರಡನೇ ಮೆಟ್ಟಿಲಲ್ಲೇ ಸಿಕ್ಕಿಬೀಳೋದು.

ನೀರು ಆರಿದಾಗ ಬೈಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೂರಿಸಿಬಿಡುತ್ತೆ. ಉಳಿದ ಸೋಡಿಯಂ ಜೇಡಿಗೆ ಅಂಟಿ, ನೆಲ ಗಟ್ಟಿಯಾಗಿ, ನೀರು ಇಂಗದೆ ಹೊಲ ಸವಳಾಗುತ್ತೆ. ಅದಕ್ಕೇ ಜಿಪ್ಸಂ ಹಾಕೋದು. ಕಾರ್ಬೊನೇಟ್, ಬೈಕಾರ್ಬೊನೇಟ್ ಕೂಡಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದಾಗ ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ರೆ ನೀರಾವರಿಗೆ ಚಿಂತೆಯಿಲ್ಲ, 2.5 ದಾಟಿದ್ರೆ ಬೇಡ ಅನ್ನೋದು ರೂಢಿಯ ಅಳತೆ.

ಬ್ಯೂರೆಟ್ ಇದೆ, ಆಮ್ಲ ಇದೆ, ಮಕ್ಕಳ ಮನೇಲೇ ಬೋರೂ ಇದೆ. ಆದ್ರೂ ಪ್ರತಿ ವರ್ಷ ಅದೇ ಆಕ್ಸಾಲಿಕ್ ಆಮ್ಲ, ಸೀನಿಯರ್ ರೆಕಾರ್ಡಿನಿಂದ ಕದ್ದ ಅದೇ ರೀಡಿಂಗು. ಅಪ್ಪನ ಹೊಲದ ನೀರಾದ್ರೆ ಯಾರಾದರೂ ರೀಡಿಂಗ್ ಕದೀತಾರಾ? ಸೊಸೆಗೆ ಹೇಳಿದೀನಿ, ಮುಂದಿನ ವಾರ ಬಾಟಲಿಯಲ್ಲಿ ನೀರು ಒಯ್ಯಿ ಅಂತ. ಲೆಕ್ಚರರು ಒಪ್ಪುತ್ತಾರೋ ಇಲ್ಲವೋ ನೋಡೋಣ.

ನೀವೇನಂತೀರಿ?