ಹೆಚ್ಚುವರಿ ಕೆಲಸವೆಂಬ ಹೊಸ ಬಿಟ್ಟಿ

ಗೌಡರ ಮನೆಮುಂದೆ ತಮಟೆ ಬಡಿದವರು, ಸತ್ತ ದನ ಹೊತ್ತವರು, ಊರಹಬ್ಬಕ್ಕೆ ಸೌದೆ ಒಡೆದವರು ನಮ್ಮ ತಾತಂದಿರು. ಕೂಲಿ ಕೇಳುವಂತಿರಲಿಲ್ಲ. ಅದರ ಹೆಸರು ಬಿಟ್ಟಿ ಚಾಕರಿ. ಈಗ ಬಿಟ್ಟಿ ಹೋಯಿತು ಅನ್ನುತ್ತಾರೆ. ಹೋಗಿಲ್ಲ ಗೆಳೆಯರೆ. ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ಟೇಪು ಹಿಡಿದು, ಶಿವಮೊಗ್ಗ-ಭದ್ರಾವತಿಯ ಚರಂಡಿಗಳ ಪಕ್ಕ ನಿಂತಿದೆ. ಅದರ ಹೊಸ ಹೆಸರು ಹೆಚ್ಚುವರಿ ಕೆಲಸ.

ನಾವು ಕಂಡದ್ದನ್ನೇ ಹೇಳುತ್ತೇವೆ. ನಮ್ಮ ಕೇರಿಯ ಹುಡುಗನೊಬ್ಬ ಮೀಸಲಾತಿಯಲ್ಲಿ ಒಂದು ಚರಂಡಿ ಗುತ್ತಿಗೆ ಹಿಡಿದ. ಅಂದಾಜುಪಟ್ಟಿಯಲ್ಲಿದ್ದದ್ದು ಮೆದು ಮಣ್ಣು. ಅಗೆದರೆ ಸಿಕ್ಕಿದ್ದು ಬಂಡೆ. ಇಂಜಿನಿಯರ್ ಸಾಹೇಬರು ಬಂದು ನೋಡಿದರು. "ಒಡ್ಸು ಮಾರಾಯ, ಹಂಗೇ ಆ ತುದೀವರೆಗೂ ಇನ್ನೊಂದಿಪ್ಪತ್ತು ಮೀಟ್ರು ಎಳ್ದುಬಿಡು, ಬಿಲ್ಲಲ್ಲಿ ಸೇರಿಸೋಣ" ಅಂದರು. ಹುಡುಗ ಹೆಂಡತಿಯ ಸರ ಒತ್ತೆಯಿಟ್ಟು ಬಂಡೆ ಒಡೆಸಿದ. ಬಿಲ್ಲಿನ ಹೊತ್ತಿಗೆ ಸಾಹೇಬರು ವರ್ಗವಾಗಿ ಹೋಗಿದ್ದರು. ಹೊಸಬರು ಅಳತೆ ಪುಸ್ತಕ ತಿರುವಿ, "ಬಂಡೆ ಎಲ್ಲೈತೋ ಇದ್ರಾಗೆ?" ಅಂದರು. ಬಂಡೆ ನೆಲದಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಇದು ನಮಗೆ ಹೊಸ ಪಾಠವಲ್ಲ. ಯಾರ ಪುಸ್ತಕದಲ್ಲೂ ನಮ್ಮ ಬೆವರಿನ ಲೆಕ್ಕ ಇದ್ದದ್ದಿಲ್ಲ.

ನಿಯಮವಿಲ್ಲವೆ? ಇದೆ. ಟೆಂಡರಿನಲ್ಲಿಲ್ಲದ ಬಾಬು ಬಂದರೆ ದರ ಕಟ್ಟಿ, ಮೇಲಧಿಕಾರಿಯ ಒಪ್ಪಿಗೆ ಪಡೆದು ಮಾಡಿಸಬೇಕು. ಆದರೆ ದರ ಕಟ್ಟುವವರು ಅವರು, ಒಪ್ಪುವವರು ಅವರು, ತಡಮಾಡುವವರೂ ಅವರೇ. ಆದೇಶ ಬಾಯಲ್ಲಿ, ನಿರಾಕರಣೆ ಬರಹದಲ್ಲಿ.

ದೊಡ್ಡ ಕಡತಗಳಿಗೆ ಈ ಕುಂಟಿಲ್ಲ. ಸೋಗಾನೆಯ ವಿಮಾನ ನಿಲ್ದಾಣ ನೋಡಿ. ಸಣ್ಣ ಎಟಿಆರ್ ವಿಮಾನಕ್ಕೆಂದು ಹೊರಟದ್ದು, ಏರ್‌ಬಸ್ಸೂ ಇಳಿಯಲಿ ಎಂದು ಹಿಗ್ಗಿತು. ರನ್‌ವೇ 3.2 ಕಿಲೋಮೀಟರಾಯಿತು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗುವಾಗ ವೆಚ್ಚ ಸುಮಾರು 450 ಕೋಟಿ. ಹಿಗ್ಗಿದ ಕೆಲಸಕ್ಕೆ ಹಿಗ್ಗಿದ ಮಂಜೂರಾತಿ ಸಿಕ್ಕಿತು. ಬೇಡವೆನ್ನುವುದಿಲ್ಲ ನಾವು. ವಿಮಾನಕ್ಕೆ ತಿದ್ದುವ ಅಂದಾಜುಪಟ್ಟಿಯನ್ನು ಕೇರಿಯ ಚರಂಡಿಗೆ ಏಕೆ ತಿದ್ದುವುದಿಲ್ಲ, ಅಷ್ಟೇ ನಮ್ಮ ಪ್ರಶ್ನೆ.

ಕಾನೂನು ನಮ್ಮ ಕಡೆಗೇ ಇದೆ. 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುವುದಿಷ್ಟು: ಪುಕ್ಕಟೆಯಾಗಿ ಅಲ್ಲದೆ, ನ್ಯಾಯವಾಗಿ ಒಬ್ಬ ಮಾಡಿಕೊಟ್ಟ ಕೆಲಸದ ಫಲವನ್ನು ಇನ್ನೊಬ್ಬ ಉಂಡರೆ, ಉಂಡವನು ಅದರ ಬೆಲೆ ಕೊಡಬೇಕು. ಪಶ್ಚಿಮ ಬಂಗಾಳದ ಸರ್ಕಾರ ಬಿ.ಕೆ. ಮಂಡಲ್ ಎಂಬ ಸಂಸ್ಥೆಯಿಂದ ಕಟ್ಟಡ, ರಸ್ತೆ ಮಾಡಿಸಿಕೊಂಡು, ಕೊನೆಗೆ ಕ್ರಮಬದ್ಧ ಕರಾರೇ ಆಗಿಲ್ಲ ಅಂದಿತ್ತು. 1961ರಲ್ಲಿ ಸುಪ್ರೀಂ ಕೋರ್ಟು ಆ ಮಾತು ಒಪ್ಪಲಿಲ್ಲ; ಇದೇ 70ನೇ ಕಲಮಿನಡಿ ಹಣ ಕೊಡಬೇಕೆಂದಿತು. ಸರಿ. ಆದರೆ ಕೋರ್ಟಿಗೆ ಹೋಗಲು ಒತ್ತೆಯಿಡುವ ಇನ್ನೊಂದು ಸರ ಎಲ್ಲಿದೆ? ಕೇಸು ಹಾಕಿದವನಿಗೆ ಮುಂದಿನ ಟೆಂಡರು ಕೊಡುವವರಾರು?

ಬಾಯಿಮಾತಿನ ಕೆಲಸ ಎಲ್ಲಿಗೆ ಒಯ್ಯುತ್ತದೆಂದು 2022ರ ಏಪ್ರಿಲ್‌ನಲ್ಲಿ ಕಂಡೆವು. ಬೆಳಗಾವಿಯ ಹಿಂಡಲಗಾದಲ್ಲಿ ಕಾರ್ಯಾದೇಶವಿಲ್ಲದೆ ಸುಮಾರು 4 ಕೋಟಿಯ ಕೆಲಸ ಮಾಡಿದ್ದೇನೆ, ಹಣ ಬಂದಿಲ್ಲ ಎನ್ನುತ್ತಿದ್ದ ಗುತ್ತಿಗೆದಾರ ಉಡುಪಿಯ ವಸತಿಗೃಹದಲ್ಲಿ ಹೆಣವಾದ. ನಮ್ಮ ಶಿವಮೊಗ್ಗದ ಅಂದಿನ ಶಾಸಕ, ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಕೆ.ಎಸ್. ಈಶ್ವರಪ್ಪ ಆರೋಪ ಹೊತ್ತು ರಾಜೀನಾಮೆಯಿತ್ತರು. ಜುಲೈನಲ್ಲಿ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟು ಹಾಕಿದರು. ತಪ್ಪಿತಸ್ಥರು ಯಾರೆಂದು ನಾವು ತೀರ್ಪು ಕೊಡುತ್ತಿಲ್ಲ. ಬರಹವಿಲ್ಲದೆ ಕೆಲಸಕ್ಕಿಳಿಯುವ ಸ್ಥಿತಿ ಏಕೆ ಬರುತ್ತದೆಂದು ಕೇಳುತ್ತಿದ್ದೇವೆ.

ಪರಿಶಿಷ್ಟರಿಗೆ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಮೀಸಲು ಬಂತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಗುತ್ತಿಗೆ ಕೊಟ್ಟು ಬಿಲ್ಲು ಹಿಡಿದರೆ, ಅದು ಎಲೆ ಹಾಕಿ ಅನ್ನ ಬಡಿಸದ ಊಟ.

ಇಷ್ಟಕ್ಕೇ ನಿಲ್ಲಿಸಿದರೆ ನಾವೂ ಅರ್ಧ ಸುಳ್ಳು ಹೇಳಿದಂತೆ. ಆ ಬಂಡೆ ಒಡೆದವರು ಯಾರು? ಹುಡುಗನಲ್ಲ. ಭೋವಿ ಕಾಲೊನಿಯ ಗಂಡಾಳು ಹೆಣ್ಣಾಳು. "ಬಿಲ್ಲಾಗ್ಲಿ ಕಣಕ್ಕಾ, ಕೊಡ್ತೀನಿ" ಅಂತ ಅವನೂ ಅಂದ. ಸಾಹೇಬರು ಅವನಿಗೆ ಅಂದದ್ದನ್ನೇ ಅವನು ಅವರಿಗೆ ಅಂದ. ಬಿಲ್ಲಿನ ದುಡ್ಡೂ ಭದ್ರಾ ನಾಲೆಯ ನೀರಿನ ಹಾಗೆ. ಲಕ್ಕವಳ್ಳಿಯಲ್ಲಿ 186 ಅಡಿ ತುಂಬಿದರೂ ಕೊನೆಭಾಗದ ಗದ್ದೆ ಬಾಯ್ಬಿಟ್ಟುಕೊಂಡಿರುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿದ ಇಲಾಖೆಯೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಆ ಕೂಲಿಯಕ್ಕನಿಗೆ ಇದನ್ನು ಓದಿ ಹೇಳಿದವರು ಯಾರು?

ಹೆಚ್ಚುವರಿ ಹೆಸರಲ್ಲಿ ಕಳ್ಳಬಿಲ್ಲು ಬರೆದು ತಿಂದವರಿಲ್ಲವೆ ಎಂದು ಕೇಳುವಿರಿ. ಇದ್ದಾರೆ, ಹೊಟ್ಟೆ ಬಿರಿಯ ತಿಂದಿದ್ದಾರೆ. ಅವರಿಗೂ ಮದ್ದು ಒಂದೇ: ಬಂಡೆ ಸಿಕ್ಕ ದಿನವೇ, ಸಿಕ್ಕ ಜಾಗದಲ್ಲೇ, ಕೂಲಿಯವರ ಎದುರಲ್ಲೇ ಬರೆಯಬೇಕು. ಆಗ ಇಲ್ಲದ ಬಂಡೆ ಹುಟ್ಟುವುದಿಲ್ಲ, ಇದ್ದ ಬಂಡೆ ಕರಗುವುದಿಲ್ಲ. ಅಳತೆ ಪುಸ್ತಕದ ಜತೆ ಹಾಜರಿ ಪಟ್ಟಿಯೂ ಇರಬೇಕು. ಕೂಲಿ ಸಂದಾಯವಾದದ್ದು ಕಾಣದೆ ಅಂತಿಮ ಬಿಲ್ಲು ಪಾಸಾಗಕೂಡದು.

ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಅಳತೆ ಪುಸ್ತಕದ ಪ್ರತಿ ಕೇಳಬಹುದು, ಕಾಮಗಾರಿಯನ್ನೇ ತಪಾಸಣೆ ಮಾಡಬಹುದು. ನಿಮ್ಮೂರಿನ ಒಂದು ಚರಂಡಿಯಿಂದ ಶುರುಮಾಡಿ. ಪುಸ್ತಕವನ್ನು ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ.

ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳಿದ, 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಣ್ಣುಬಿಟ್ಟ ಊರು ಭದ್ರಾವತಿ. ಅಂಥ ಊರಿನಲ್ಲಿ ಬಿಟ್ಟಿಗೆ ಹೊಸ ಅಂಗಿ ತೊಡಿಸುವುದನ್ನು ನೋಡಿಕೊಂಡು ಕೂರುವುದು ನಮಗೆ ಸಾಧ್ಯವಿಲ್ಲ. ಇನ್ನು ಮುಂದೆ ನಮ್ಮ ಮಾತು ಇಷ್ಟೇ: ಬರೆಯದ ಕೆಲಸ ಮಾಡೋದಿಲ್ಲ, ಮಾಡಿದ ಕೆಲಸ ಬರೆಸದೆ ಬಿಡೋದಿಲ್ಲ.